ಮೊಟ್ಟೆನಾ, ಬಾಳೆಹಣ್ಣಾ? ಶಾಲೆಗೆ ಏನು ಹೇಳೋಣ

ನಮ್ಮ ರಾಜ್ಯದ ಸರ್ಕಾರಿ ಶಾಲೆಗೆ ಮಗುವನ್ನು ಸೇರಿಸಿದ ಮೇಲೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಬಿಸಿಯೂಟದ ಜೊತೆ ಮೊಟ್ಟೆ ಬೇಕಾ, ಬಾಳೆಹಣ್ಣು ಸಾಕಾ?

2002ರಲ್ಲಿ ಅಕ್ಷರ ದಾಸೋಹ ಶುರುವಾದಾಗ ಇದೆಲ್ಲ ಇರಲಿಲ್ಲ, ಅನ್ನ ಸಾಂಬಾರ್ ಅಷ್ಟೇ. 2013ರಲ್ಲಿ ಕ್ಷೀರಭಾಗ್ಯದ ಹಾಲು ಬಂತು. ಮೊಟ್ಟೆ ಬಂದಿದ್ದು 2021ರ ಡಿಸೆಂಬರ್‌ನಲ್ಲಿ, ಅದೂ ಮೊದಲು ಅಪೌಷ್ಟಿಕತೆ ಜಾಸ್ತಿ ಇದ್ದ ಕಲ್ಯಾಣ ಕರ್ನಾಟಕದ ಕಡೆ, ಮಠಾಧೀಶರ ವಿರೋಧದ ನಡುವೆಯೇ. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ದುಡ್ಡು ಕೊಟ್ಟಿದ್ದರಿಂದ ಅದು ವಾರಕ್ಕೆ ಆರು ದಿನ ಆಯಿತು.

ಪ್ರೋಟೀನ್ ನೋಡಿದರೆ ಪೈಪೋಟಿಯೇ ಇಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಬಾಳೆಹಣ್ಣಿನಲ್ಲಿ ಸುಮಾರು 1 ಗ್ರಾಂ. ಕೇಂದ್ರದ ನಿಯಮದ ಪ್ರಕಾರ ಪ್ರಾಥಮಿಕ ಶಾಲೆಯ ಊಟದಲ್ಲಿ 12 ಗ್ರಾಂ ಪ್ರೋಟೀನ್ ಇರಬೇಕು, ಅಂದರೆ ಅದರ ಅರ್ಧದಷ್ಟು ಒಂದೇ ಮೊಟ್ಟೆಯಲ್ಲಿ ಬರುತ್ತದೆ. ವಿಟಮಿನ್ ಬಿ12 ಕೂಡ ಮೊಟ್ಟೆಯಲ್ಲಿದೆ, ಹಣ್ಣಿನಲ್ಲಿಲ್ಲ.

ಬಾಳೆಹಣ್ಣು ಕೆಟ್ಟದ್ದೇನಲ್ಲ, ಹೊಟ್ಟೆಗೆ ಹಿತ, ಬೇಯಿಸುವ ರಗಳೆ ಇಲ್ಲ. ಆದರೆ ಅದು ಮೊಟ್ಟೆಗೆ ಬದಲಿ ಅಂತ ಅಂದುಕೊಳ್ಳುವುದು ಸುಮ್ನೆ ಸಮಾಧಾನ.

ಮನೆಯಲ್ಲಿ ತಿನ್ನುವವರಾದರೆ ಯೋಚನೆ ಮಾಡದೆ ಮೊಟ್ಟೆ ಅನ್ನಿ. ತಿನ್ನದವರಾದರೆ ಹಣ್ಣು ತಗೊಳ್ಳಲಿ, ಹಾಲು ಬಿಡಿಸಬೇಡಿ, ಸಂಜೆ ಒಂದು ಹಿಡಿ ಹುರಿದ ಶೇಂಗಾನೋ ಕಾಳಿನ ಉಸಲಿಯೋ ಕೊಡಿ. ಮತ್ತೆ, ಮಗುವನ್ನೇ ಒಮ್ಮೆ ಕೇಳಿ. ಪಕ್ಕದವನ ತಟ್ಟೆ ನೋಡಿ ಅದರ ಮನಸ್ಸು ಆಗಲೇ ಬದಲಾಗಿರಬಹುದು, ಅಲ್ವಾ?