ಬ್ರದರ್ ವೈಫೈ ಲೇಸರ್ ಪ್ರಿಂಟರ್: ಮುದ್ರಣಕ್ಕೆ ಪೂರ್ಣ ಅಂಕ, ಪಾಸ್‌ವರ್ಡಿಗೆ ಸೊನ್ನೆ

ಆಗೀಗ ಆಧಾರ್ ಪ್ರತಿಯನ್ನೋ ಮಕ್ಕಳ ಪ್ರಾಜೆಕ್ಟನ್ನೋ ತೆಗೆಯುವ ಮನೆಗೆ ಬ್ರದರ್‌ನ ಕಪ್ಪು-ಬಿಳುಪು ಲೇಸರ್ ಒಳ್ಳೆಯ ಆಯ್ಕೆ. ತಿಂಗಳುಗಟ್ಟಲೆ ಮುಟ್ಟದಿದ್ದರೂ ಇಂಕ್‌ಜೆಟ್‌ನಂತೆ ಒಣಗಿ ಕಟ್ಟಿಕೊಳ್ಳುವುದಿಲ್ಲ. ಟೋನರ್ (ಪುಡಿ ಶಾಯಿ), ಡ್ರಮ್ (ಅದನ್ನು ಕಾಗದಕ್ಕೆ ದಾಟಿಸುವ ಉರುಳೆ) ಬೇರೆಬೇರೆ ಇರುವುದರಿಂದ ಮುಗಿದದ್ದನ್ನಷ್ಟೇ ಬದಲಿಸಬಹುದು. ಮುದ್ರಣದ ಬಗ್ಗೆ ಇಷ್ಟು ಸಾಕು; ತಕರಾರಿರುವುದು ವೈಫೈ ಕಡೆ.

2025ರ ಜೂನ್‌ನಲ್ಲಿ ಭದ್ರತಾ ಸಂಸ್ಥೆ ರ್‍ಯಾಪಿಡ್7 ಈ ಪ್ರಿಂಟರ್‌ಗಳ ಎಂಟು ದೋಷಗಳನ್ನು ಬಯಲು ಮಾಡಿತು. ಪಟ್ಟಿಯಲ್ಲಿ ಬ್ರದರ್‌ನದೇ 689 ಮಾದರಿಗಳಿವೆ. ಫ್ಯೂಜಿಫಿಲ್ಮ್, ರಿಕೋ, ತೋಷಿಬಾ ಟೆಕ್, ಕೊನಿಕಾ ಮಿನೋಲ್ಟಾ ಕೂಡ ತಪ್ಪಿಸಿಕೊಂಡಿಲ್ಲ. ಅತಿ ಕೆಟ್ಟದ್ದು ಸಿವಿಇ-2024-51978 ಎಂಬ ಸಂಖ್ಯೆಯ ದೋಷ, ತೀವ್ರತೆ ಹತ್ತಕ್ಕೆ 9.8. ಕಾರ್ಖಾನೆಯಲ್ಲಿ ಇಟ್ಟ ಅಡ್ಮಿನ್ ಪಾಸ್‌ವರ್ಡನ್ನು (ಪ್ರಿಂಟರ್‌ನ ಸೆಟ್ಟಿಂಗ್ ಬದಲಿಸಲು ಬೇಕಾದದ್ದು) ಸೀರಿಯಲ್ ನಂಬರಿನಿಂದಲೇ ಲೆಕ್ಕಹಾಕಿ ತೆಗೆಯಬಹುದು. ಆ ನಂಬರನ್ನು ಎಸ್‌ಎನ್‌ಎಂಪಿಯಲ್ಲಿ (ನೆಟ್‌ವರ್ಕಿನ ಯಂತ್ರಗಳ ಸ್ಥಿತಿ ವಿಚಾರಿಸುವ ವಿಧಾನ) ಕೇಳಿದರೆ ಪ್ರಿಂಟರೇ ಹೇಳಿಬಿಡುತ್ತದೆ. ಬೀಗದ ಮೇಲೆಯೇ ಕೀಲಿಯ ಅಳತೆ ಕೆತ್ತಿದ ಹಾಗೆ!

ಉಳಿದ ಏಳು ದೋಷಗಳಿಗೆ ಫರ್ಮ್‌ವೇರ್ (ಪ್ರಿಂಟರ್‌ನೊಳಗಿನ ತಂತ್ರಾಂಶ) ಅಪ್‌ಡೇಟ್ ಇದೆ. ಇದೊಂದಕ್ಕೆ ಅದು ಪೂರ್ತಿ ಮದ್ದಲ್ಲ. ಕಂಪನಿ ತಯಾರಿಕೆಯ ವಿಧಾನವನ್ನೇ ಬದಲಿಸಬೇಕಾಯಿತು. ಅದಕ್ಕೂ ಮೊದಲು ತಯಾರಾದ ಯಂತ್ರಗಳಲ್ಲಿ ಪಾಸ್‌ವರ್ಡನ್ನು ನಾವೇ ಬದಲಿಸಬೇಕು. ಸ್ಕ್ಯಾನ್ ಕಳಿಸಲೆಂದು ಎಫ್‌ಟಿಪಿ (ಕಡತ ರವಾನಿಸುವ ವ್ಯವಸ್ಥೆ) ಖಾತೆಯ ಪಾಸ್‌ವರ್ಡ್ ಒಳಗಿಟ್ಟಿದ್ದರೆ, ಅಡ್ಮಿನ್ ಆಗಿ ಹೊಕ್ಕವನಿಗೆ ಅದೂ ಸಿಗಬಹುದು.

ಕೆಲಸ ಅರ್ಧ ಗಂಟೆಯದು. ಪ್ರಿಂಟರ್ ಮೆನುವಿನಿಂದ ನೆಟ್‌ವರ್ಕ್ ವರದಿ ಮುದ್ರಿಸಿ, ಅದರಲ್ಲಿರುವ ಐಪಿ ವಿಳಾಸವನ್ನು ಬ್ರೌಸರಿನಲ್ಲಿ ಹಾಕಿ. ಸರ್ಟಿಫಿಕೇಟ್ ಎಚ್ಚರಿಕೆ ಬಂದರೆ ಗಾಬರಿ ಬೇಡ, ಅದು ಪ್ರಿಂಟರ್ ತನಗೆ ತಾನೇ ಬರೆದುಕೊಂಡ ಪ್ರಮಾಣಪತ್ರ. ಹಿಂಬದಿಯ ಚೀಟಿಯಲ್ಲಿ 'ಪಿಡಬ್ಲ್ಯುಡಿ' (Pwd) ಗುರುತಿನ ಮುಂದಿರುವುದೇ ಈಗಿನ ಪಾಸ್‌ವರ್ಡ್. ತೀರಾ ಹಳೆಯ ಮಾದರಿಗಳಲ್ಲಿ 'ಇನಿಟ್‌ಪಾಸ್' (initpass) ಇಲ್ಲವೇ 'ಆ್ಯಕ್ಸೆಸ್' (access). ಒಳಗೆ ಹೋಗಿ ಅಡ್ಮಿನಿಸ್ಟ್ರೇಟರ್ ವಿಭಾಗದ ಲಾಗಿನ್ ಪಾಸ್‌ವರ್ಡ್ ಬದಲಿಸಿ. ಆಮೇಲೆ ಪ್ರೋಟೋಕಾಲ್ ಪುಟದಲ್ಲಿ ಟೆಲ್ನೆಟ್ (ದೂರದಿಂದ ಆದೇಶ ಕೊಡುವ ಹಳೆಯ ವಿಧಾನ), ಎಫ್‌ಟಿಪಿ ಆಫ್ ಮಾಡಿ. ವೈಫೈ ಡೈರೆಕ್ಟ್ (ರೌಟರ್ ಇಲ್ಲದ ನೇರ ಸಂಪರ್ಕ) ಬಳಸದಿದ್ದರೆ ಅದನ್ನೂ ಆಫ್ ಮಾಡಿ. ಮೊಬೈಲಿನಿಂದ ಮುದ್ರಿಸುವವರು ಐಪಿಪಿಯನ್ನು ಮಾತ್ರ ಮುಟ್ಟಬೇಡಿ, ಆ ಮುದ್ರಣಕ್ಕೆ ಅದು ಬೇಕು.

ಜನ ಎಡವುವುದು ಎಸ್‌ಎನ್‌ಎಂಪಿಯಲ್ಲಿ. ಅದನ್ನು ಆಫ್ ಮಾಡಿದ ಕೂಡಲೇ ವಿಂಡೋಸ್ ಪ್ರಿಂಟರನ್ನು 'ಆಫ್‌ಲೈನ್' ಎಂದು ತೋರಿಸಬಹುದು. ಪ್ರಿಂಟರ್ ಪ್ರಾಪರ್ಟೀಸ್‌ನ ಪೋರ್ಟ್ ಪುಟದಲ್ಲಿ 'ಎಸ್‌ಎನ್‌ಎಂಪಿ ಸ್ಟೇಟಸ್' ಗುರುತು ತೆಗೆದರೆ ಸರಿಹೋಗುತ್ತದೆ. ಪ್ರಿಂಟರನ್ನು ಗೆಸ್ಟ್ ವೈಫೈಗೆ (ಅತಿಥಿಗಳಿಗೆಂದು ಬೇರೆ ಇಡುವ ವೈಫೈ) ಹಾಕುವ ಉಪಾಯ ಕಾಗದದ ಮೇಲೆ ಚೆಂದ. ಆದರೆ ಬಹಳಷ್ಟು ರೌಟರ್‌ಗಳಲ್ಲಿ ಗೆಸ್ಟ್ ಕಡೆಯ ಯಂತ್ರ ಮನೆಯ ಲ್ಯಾಪ್‌ಟಾಪಿಗೇ ಕಾಣದು.

ರೌಟರ್‌ನಲ್ಲಿ ಯುಪಿಎನ್‌ಪಿ (ಯಂತ್ರ ಕೇಳಿದರೆ ರೌಟರ್ ತಾನೇ ಹೊರಗಿನ ದಾರಿ ತೆರೆಯುವ ಸೌಲಭ್ಯ) ಆಫ್ ಮಾಡಿ. ಮುದ್ರಣಕ್ಕೆ ಬಳಸುವ 9100, 631, 515 ಪೋರ್ಟ್‌ಗಳು (ನೆಟ್‌ವರ್ಕಿನ ಬಾಗಿಲುಗಳು) ಇಂಟರ್ನೆಟ್ಟಿನ ಕಡೆ ತೆರೆದಿರಕೂಡದು. 2018ರಲ್ಲಿ ಒಂದು ಯೂಟ್ಯೂಬ್ ಚಾನೆಲ್‌ನ ಪ್ರಚಾರದ ಹಾಳೆ ಜಗತ್ತಿನ ಸಾವಿರಾರು ಪ್ರಿಂಟರ್‌ಗಳಿಂದ ತಾನಾಗಿ ಹೊರಬಿದ್ದದ್ದು ತೆರೆದ 9100ರಿಂದಲೇ.

ಒಂದೇ ಕಂಪ್ಯೂಟರ್ ಇರುವ ಮನೆಗೆ ವೈಫೈ ಇಲ್ಲದ ಮಾದರಿಯೂ ಯುಎಸ್‌ಬಿ ಕೇಬಲ್ಲೂ ಸಾಕು, ದುಡ್ಡೂ ಉಳಿಯುತ್ತದೆ. ಮಾರುವಾಗ, ಗುಜರಿಗೆ ಹಾಕುವಾಗ ಫ್ಯಾಕ್ಟರಿ ರೀಸೆಟ್ ಮಾಡಿ, ಇಲ್ಲದಿದ್ದರೆ ಮನೆಯ ವೈಫೈ ಪಾಸ್‌ವರ್ಡ್ ಅದರ ಜೊತೆಗೇ ಹೋಗುತ್ತದೆ. ರೀಸೆಟ್ ಆದಮೇಲೆ ಚೀಟಿಯ ಹಳೇ ಪಾಸ್‌ವರ್ಡೇ ಮರಳುವುದರಿಂದ, ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಸೆಕೆಂಡ್‌ಹ್ಯಾಂಡ್ ಕೊಂಡವರೂ ಅದನ್ನು ಮೊದಲು ಬದಲಿಸಬೇಕು.