ಬೇಸಿನ್‌ಗೆ ಪೇಂಟ್, ತೊಟ್ಟಿಗೆ ಪಾಲಿಶ್

ತುಮಕೂರಿನ ನಮ್ಮ ಮನೆ 1989ರಲ್ಲಿ ಕಟ್ಟಿದ್ದು. ಬಚ್ಚಲುಮನೆಯಲ್ಲಿ ಗೋಡೆಗೆ ಸೇರಿಸಿ ಕಟ್ಟಿದ ಮೊಸಾಯಿಕ್ ತೊಟ್ಟಿ, ಗುಲಾಬಿ ಬಣ್ಣದ ಬೇಸಿನ್, ಸೊಂಟದೆತ್ತರದವರೆಗೆ ಅದೇ ಬಣ್ಣದ ಟೈಲ್ಸ್. ಇಷ್ಟು ವರ್ಷದ ಬೋರ್‌ವೆಲ್ ನೀರಿಗೆ ಎಲ್ಲವೂ ಉಪ್ಪುಗಟ್ಟಿದ್ದವು. ಒಡೆಸೋಣ ಅಂದರೆ, ತೊಟ್ಟಿ ಕಿತ್ತರೆ ಹಿಂದಿನ ಜಿಐ ಪೈಪೂ ಬದಲಾಗಬೇಕು, ವಾಟರ್‌ಪ್ರೂಫಿಂಗೂ ಹೊಸದಾಗಿ ಆಗಬೇಕು ಎಂದರು ಗಾರೆಯವರು. ಆ ಯೋಚನೆ ಅಲ್ಲಿಗೇ ಬಿಟ್ಟೆ. ಇದ್ದದ್ದನ್ನೇ ಎರಡು ಥರ ಸರಿಮಾಡಿ ನೋಡಿದೆ.

ಬೇಸಿನ್‌ಗೆ ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಪೇಂಟ್. ಬಳಿಯೋದು ಅರ್ಧ ಗಂಟೆ, ಅದಕ್ಕೆ ಮುಂಚಿನ ಕೆಲಸ ಎರಡು ದಿನ. ನೀರು ಸೋರದಂತೆ ಸಂದಿಗಳಿಗೆ ಹಚ್ಚಿದ್ದ ಹಳೇ ಸಿಲಿಕಾನ್ ಅಂಟನ್ನು ಬ್ಲೇಡಿನಲ್ಲಿ ಕೆರೆದು ತೆಗೆಯಬೇಕು. 400 ನಂಬರಿನ ವಾಟರ್ ಪೇಪರ್ ಹಿಡಿದು ಹೊಳಪು ಪೂರ್ತಿ ಹೋಗುವ ತನಕ ಉಜ್ಜಬೇಕು. ನುಣುಪು ಉಳಿದರೆ ಪೇಂಟ್ ಕಚ್ಚಿಕೊಳ್ಳಲ್ಲ. ಎರಡನೇ ಡಬ್ಬಿಯ ಹಾರ್ಡ್ನರ್ ಬೆರೆಸಿದ ಮೇಲಂತೂ ಫೋನ್ ಬಂದರೂ ಎತ್ತುವ ಹಾಗಿಲ್ಲ, ಡಬ್ಬಿಯಲ್ಲೇ ಗಟ್ಟಿಯಾಗುತ್ತೆ. ಕಿಟಕಿ ತೆಗೆದಿಟ್ಟರೂ ವಾಸನೆಗೆ ತಲೆನೋವು. ಒಂದು ವಾರ ನೀರು ಸೋಕಿಸಲಿಲ್ಲ.

ಮೊದಲು ಹೊಸದರ ಹಾಗೇ ಇತ್ತು. ಎಂಟು ತಿಂಗಳಿಗೆ ನೀರು ಹೋಗುವ ತೂತಿನ ಪಕ್ಕ ಒಂದು ರೂಪಾಯಿ ಅಗಲದ ಗುಳ್ಳೆ ಎದ್ದಿತು. ಉಗುರಲ್ಲಿ ಎಬ್ಬಿಸಿದೆ, ಸಿಪ್ಪೆಯಂತೆ ಬಂತು. ಅಡಿಯಲ್ಲಿ ತೆಳುವಾದ ಸಿಲಿಕಾನ್ ಪೊರೆ. ಅದು ನನ್ನದೇ ಸೋಮಾರಿತನ.

ತೊಟ್ಟಿಗೆ ಪಾಲಿಶ್ ಕೆಲಸದವರನ್ನು ಕರೆಸಿದೆ. ಒಳಗೆ ಮೆಷಿನ್ ಹೋಗಲ್ಲ ಅಲ್ವಾ, ಹಾಗಾಗಿ ಕೈಯಲ್ಲೇ ಸಾಣೆಕಲ್ಲು. ನೀರು ಚಿಮುಕಿಸಿ ಮೊದಲು ಒರಟು ಕಲ್ಲು, ಆಮೇಲೆ ನಯದ್ದು. ಬೂದು ರಾಡಿ ತೊಳೆದಾಗ ಅಡಿಯಿಂದ ಕೆಂಪು, ಕಪ್ಪು ಚೂರುಗಳು ಎದ್ದು ಕಂಡವು. ಆ ಬಣ್ಣ ನಾನು ಮರೆತೇ ಬಿಟ್ಟಿದ್ದೆ. ಕೊನೆಗೆ ಆಕ್ಸಾಲಿಕ್ ಪುಡಿ ಹಾಕಿ ತಿಕ್ಕಿದರು. ಒಂದು ಮೂಲೆ ಮಾತ್ರ ಈಗಲೂ ಗರಗರ. ಹಿಂದೊಮ್ಮೆ ಕಲೆ ಹೋಗಲಿ ಅಂತ ನಾನೇ ಬಚ್ಚಲು ತೊಳೆಯುವ ಆಸಿಡ್ ಸುರಿದಿದ್ದೆ. ಮೊಸಾಯಿಕ್‌ನಲ್ಲಿರುವುದು ಅಮೃತಶಿಲೆ ಚೂರು ಮತ್ತು ಸಿಮೆಂಟು, ಎರಡನ್ನೂ ಆಸಿಡ್ ತಿನ್ನುತ್ತೆ.

ಕೂಲಿ ಪೇಂಟಿನ ಖರ್ಚಿಗಿಂತ ಜಾಸ್ತಿಯೇ ಆಯಿತು, ಮೂರು ದಿನ ಪಕ್ಕದ ಮನೆಯಲ್ಲಿ ಸ್ನಾನ. ಆದರೂ ಇನ್ನೊಮ್ಮೆ ಮಾಡಿಸುವುದಾದರೆ ಇದನ್ನೇ. ಇಲ್ಲಿ ಏಳೋದಕ್ಕೆ ಮೇಲೆ ಪದರವೇ ಇಲ್ಲ. ಬಾಡಿಗೆ ಮನೆಯಾಗಿದ್ದರೆ ಪೇಂಟೇ ಸಾಕು.

ಟೈಲ್ಸ್‌ಗೆ ಸಂದಿ ಕೆರೆದು ಹೊಸ ಗ್ರೌಟ್ ತುಂಬಿದೆ, ಅಷ್ಟೇ. ಅವು ಗುಲಾಬಿಯಾಗಿಯೇ ಇವೆ. ತೊಟ್ಟಿಯ ಕೆಂಪಿಗೆ ಚೆನ್ನಾಗಿ ಒಪ್ಪುತ್ತೆ ಅಂತಾರೆ ಅಮ್ಮ. ಈಗ ಬೆಳ್ಳಗಿನ ಬೇಸಿನ್ನೇ ಬೇರೆ ಮನೆಯದರಂತೆ ಕಾಣುತ್ತೆ.