ಆಯಸ್ಕಾಂತ ಅಂಟಿದ ಮಾತ್ರಕ್ಕೆ ಇನ್ವಾರ್ ಅಲ್ಲ: ಹಳೆಯ ಲೋಲಕ ಗಡಿಯಾರ ಕೊಳ್ಳುವವರು ದಯವಿಟ್ಟು ಓದಿ

ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಮಾಡಿದವನು ಲೋಲಕದ ವಿಷಯದಲ್ಲೇ ಮೋಸ ಹೋದೆನೆಂದು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಅದೇ ವ್ಯಾಪಾರಿ ಅದೇ ಮಾತುಗಳನ್ನಾಡಿ ಇನ್ನೊಂದು ಗಡಿಯಾರವನ್ನು ಮಾರಲು ಇಟ್ಟಿರುವುದನ್ನು ಕಳೆದ ವಾರ ಕಣ್ಣಾರೆ ಕಂಡೆ.

ಬೆಂಗಳೂರಿನ ಆ ಹಳೆಯ ಸಾಮಾನಿನ ಅಂಗಡಿಯಲ್ಲಿ ನಾನು 1,85,000 ರೂಪಾಯಿ ಕೊಟ್ಟು ಕೊಂಡದ್ದು, ಮ್ಯೂನಿಕ್ಕಿನಿಂದ ತರಿಸಿದ್ದೆಂದು ಹೇಳಿದ, ಹಿಂದೆ ಖಗೋಳ ವೀಕ್ಷಣಾಲಯಗಳಲ್ಲಿ ಇರುತ್ತಿದ್ದ ಬಗೆಯ ಗಡಿಯಾರ. ಅದರ ಲೋಲಕ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗಲು ಸರಿಯಾಗಿ ಒಂದು ಸೆಕೆಂಡು ಹಿಡಿಯಬೇಕು. ಸಲಾಕೆ ಇನ್ವಾರ್ ಎಂಬ ಮಿಶ್ರಲೋಹದ್ದು, ಬಿಸಿಲಿಗೂ ಚಳಿಗೂ ಉದ್ದ ಬದಲಾಗುವುದಿಲ್ಲ ಎಂದ ವ್ಯಾಪಾರಿ, ಜೇಬಿನಿಂದ ಆಯಸ್ಕಾಂತ ತೆಗೆದು ಅದಕ್ಕೆ ತಾಗಿಸಿದ. ಟಕ್ಕೆಂದು ಅಂಟಿಕೊಂಡಿತು. “ಹಿತ್ತಾಳೆಯಾಗಿದ್ದರೆ ಅಂಟುತ್ತಿತ್ತೇ ಸಾರ್?” ಎಂದು ಕೇಳಿದ. ನಾನು ತಲೆಯಾಡಿಸಿದೆ. ಶೇಕಡಾ 36 ನಿಕ್ಕಲ್ ಬಿಟ್ಟರೆ ಇನ್ವಾರಿನಲ್ಲಿ ಉಳಿದದ್ದು ಬಹುಪಾಲು ಕಬ್ಬಿಣವೇ, ಆದ್ದರಿಂದ ಅದಕ್ಕೆ ಆಯಸ್ಕಾಂತ ಅಂಟುವುದು ನಿಜ. ಆದರೆ ಅಡುಗೆಮನೆಯ ಇಕ್ಕಳಕ್ಕೂ ಅಂಟುತ್ತದೆ! ಆ ಒಂದು ಕ್ಷಣ ಈ ಸರಳ ಮಾತು ನನಗೆ ಹೊಳೆಯಲಿಲ್ಲ. ನಾನು ತಲೆಯಾಡಿಸಿದ್ದೇ ಇಂದಿಗೂ ಚುಚ್ಚುತ್ತದೆ.

ಅವನ ಕೆಲಸಗಾರ ಅದನ್ನು ಪ್ಲೈವುಡ್ಡಿನ ಗೋಡೆಗೆ ನೇತುಹಾಕಿ ಹೋದ. ಮರುದಿನ ನೋಡಿದರೆ ಗಡಿಯಾರ ಎರಡು ನಿಮಿಷ ಹಿಂದೆ. ಅದರ ಮರುದಿನ ನಾಲ್ಕು. ದೂರವಾಣಿಯಲ್ಲಿ ಉತ್ತರ ಬಂತು: “ನಮ್ಮ ಊರಿನ ಹವೆಗೆ ಒಗ್ಗಿಕೊಳ್ಳಬೇಕು ಸಾರ್, ಹದಿನೈದು ದಿನ ಸುಮ್ಮನೆ ಬಿಡಿ, ಕೆಳಗಿನ ತಿರುಪು ಮುಟ್ಟಿದರೆ ಗ್ಯಾರಂಟಿ ಇಲ್ಲ.” ವಾಪಸು ಮಾಡುವ ಅವಧಿಯೂ ಅದೇ ಹದಿನೈದು ದಿನ! ಹದಿನಾರನೆಯ ದಿನ ಕರೆ ಮಾಡಿದರೆ ಹೊಸ ರಾಗ: ಇದು ನಕ್ಷತ್ರಗಳ ಸಮಯ ತೋರಿಸುವ ಗಡಿಯಾರವಂತೆ, ಮನೆಯ ಸಮಯಕ್ಕೆ ತಾಳೆಯಾಗುವುದಿಲ್ಲವಂತೆ. ನಕ್ಷತ್ರದ ಗಡಿಯಾರ ದಿನಕ್ಕೆ 3 ನಿಮಿಷ 56 ಸೆಕೆಂಡು ಮುಂದೆ ಓಡಬೇಕು, ಇದು ಹಿಂದೆ ಬೀಳುತ್ತಿದೆಯಲ್ಲ ಎಂದೆ. “ನೀವು ಮೇಷ್ಟ್ರು, ಕೊಳ್ಳುವಾಗಲೇ ನಿಮಗೆ ಗೊತ್ತಿರಬೇಕಿತ್ತು” ಎಂದ.

ಗೊತ್ತಿರಬೇಕಿತ್ತು, ನಿಜ. ಪ್ಯಾರಿಸ್ಸಿನಲ್ಲಿ ಸರಿಯಿದ್ದ ಲೋಲಕ 1672ರಲ್ಲಿ ಸಮಭಾಜಕದ ಸಮೀಪದ ಕೇಯೆನ್‌ನಲ್ಲಿ ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬಿದ್ದ ಕಥೆಯನ್ನು, ಫ್ರೆಂಚ್ ಖಗೋಳಜ್ಞ ಜ್ಯಾಂ ರಿಶೇ ಕಂಡದ್ದನ್ನು, ಪ್ರತಿ ವರ್ಷ ತರಗತಿಯಲ್ಲಿ ಹೇಳಿದವನು ನಾನೇ. ಮ್ಯೂನಿಕ್ಕಿಗಿಂತ ಬೆಂಗಳೂರಿನಲ್ಲಿ ಗುರುತ್ವ ಕಡಿಮೆ, ಗುರುತ್ವ ಕಡಿಮೆಯಾದರೆ ಲೋಲಕ ನಿಧಾನವಾಗಿ ತೂಗುತ್ತದೆ. ಇಲ್ಲಿ ಲೋಲಕ ಸುಮಾರು 2.7 ಮಿಲಿಮೀಟರ್ ಗಿಡ್ಡವಾಗಬೇಕು. ಹವೆಗೆ ಒಗ್ಗುವ ಮಾತೇ ಇಲ್ಲ, ತಿರುಪು ತಿರುಗಿಸಿ ಗುಂಡನ್ನು ಮೇಲೇರಿಸಬೇಕು, ಅಷ್ಟೇ. ಅಷ್ಟನ್ನು ನಾನೇ ಮಾಡಿದೆ.

ಇನ್ನೊಂದು ಪೀಡೆಯೆಂದರೆ, ಕೀಲಿ ಕೊಟ್ಟ ಐದನೆಯ ದಿನ, ನಡೆಸುವ ತೂಕ ಲೋಲಕದ ಗುಂಡಿನ ಮಟ್ಟಕ್ಕೆ ಇಳಿದಾಗ, ಗಡಿಯಾರ ನಿಂತುಬಿಡುತ್ತಿತ್ತು. ಅಲುಗುವ ಗೋಡೆಯಲ್ಲಿ ತೂಕವೂ ಲೋಲಕದ ಜೊತೆ ತೂಗತೊಡಗಿ ಅದರ ಬಲವನ್ನು ಕದಿಯುತ್ತದೆ. “ನಾಲ್ಕು ದಿನಕ್ಕೊಮ್ಮೆ ಕೀಲಿ ಕೊಡಿ” ಎಂಬುದು ಅವನ ಪರಿಹಾರ! ಹಳೆಯ ಕಲ್ಲುಗೋಡೆಗೆ ಬಿಗಿದ ಮೇಲೆ ಆ ಕಾಟ ತಪ್ಪಿತು.

ಜನವರಿಯಲ್ಲಿ ಹೊಂದಿಸಿದ್ದು ಏಪ್ರಿಲ್‌ನಲ್ಲಿ, ಮನೆಯೊಳಗೆ ಏಳು ಡಿಗ್ರಿ ಸೆಕೆ ಏರಿದಾಗ, ದಿನಕ್ಕೆ ಮೂರೂವರೆ ಸೆಕೆಂಡು ಹಿಂದೆ ಬೀಳತೊಡಗಿತು. ಡಿಗ್ರಿಗೆ ಅರ್ಧ ಸೆಕೆಂಡು: ಇದು ಸಾದಾ ಉಕ್ಕಿನ ಲೆಕ್ಕ. ಇನ್ವಾರ್ ಆಗಿದ್ದರೆ ಇದರ ಹತ್ತನೆಯ ಒಂದು ಪಾಲೂ ಕಾಣಿಸಬಾರದಿತ್ತು. ಅಂಗಡಿಗೆ ಹೋಗಿ ಲೆಕ್ಕದ ಹಾಳೆ ತೋರಿಸಿದೆ. “ಆಯಸ್ಕಾಂತ ಅಂಟಿದ್ದನ್ನು ನೀವೇ ನೋಡಿದ್ದೀರಲ್ಲ ಸಾರ್” ಎಂದು ನಕ್ಕ.

ಕೊಳ್ಳುವವರು ಸಲಾಕೆಯ ಲೋಹ ಯಾವುದೆಂದು ರಸೀದಿಯಲ್ಲಿ ಬರೆಸಿಕೊಳ್ಳಿ, ಮೊದಲ ವಾರದಲ್ಲೇ ತಿರುಪು ತಿರುಗಿಸಿ ನೋಡಿ, “ಒಗ್ಗಿಕೊಳ್ಳಲಿ” ಎಂದವನಿಗೆ ಅಂದೇ ಗಡಿಯಾರವನ್ನು ಹಿಂತಿರುಗಿಸಿ. ನನ್ನ ರಸೀದಿಯನ್ನು ಮೊನ್ನೆ ತೆಗೆದು ನೋಡಿದೆ. ‘ಹಳೆಯ ಗಡಿಯಾರ, ಒಂದು’ ಎಂದಷ್ಟೇ ಇದೆ.